ಐದು ಬೆರಳಿನ ಎಲೆ

ಮೊದಲು ಕೆರೆಗೋಡು ಕಡೆಯ ಕೆಮ್ಮಣ್ಣು, ನಾಲ್ಕು ಮಂಕರಿ.
ಆಮೇಲೆ ವಿ.ಸಿ. ನಾಲೆಯ ಹೂಳು, ಎರಡು,
ನೀರು ನಿಲ್ಲಿಸಿದ ವಾರ ನಾನೇ ಸೈಕಲ್ಲಿನಲ್ಲಿ ತಂದದ್ದು.
ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡು, ವರ್ಷ ಕೊಳೆತದ್ದು,
ಕರ್ರಗೆ, ಹಳೇ ಬೆಲ್ಲದ ವಾಸನೆ.
ಮದ್ದೂರಿನ ತೆಂಗಿನ ನಾರಿನ ಪುಡಿ, ಮೂರು ಸಲ ತೊಳೆದು.
ಬೇವಿನ ಹಿಂಡಿ ಒಂದು ಬೊಗಸೆ.

‘ಬೊಗಸಿ ಯಾರದು, ನಂದೋ ನಿಂದೋ?’
ಕೇಳಿದಳು ನೀಲಗಂಗವ್ವ.
ನನ್ನದು ದೊಡ್ಡದು.
ಅವಳದ್ದೇ ಆಯಿತು.

ಸ್ವರ್ಣಸಂದ್ರದ ತಾರಸಿ. ಅವಳು ಮೇಲುಮನೆ, ನಾನು ಕೆಳಮನೆ.
ಆರು ಚೀಲ, ಒಂದೊಂದೂ ಮದುವೆಮನೆಯ ಹಂಡೆಯಷ್ಟು,
ಶಾಮಿಯಾನದ ಹರಿದ ಕ್ಯಾನ್ವಾಸು ಕತ್ತರಿಸಿ
ಟೈಲರ್ ಜಬೀವುಲ್ಲಾ ಎರಡೆರಡು ಹೊಲಿಗೆ ಹಾಕಿಕೊಟ್ಟದ್ದು.
ಪ್ಲಾಸ್ಟಿಕ್ ಕುಂಡ ಯಾಕಾಗದು ಅಂದೆ.
‘ಅದರಾಗ ಬೇರು ಗಾಣದ ಎತ್ತಿನಂಗ
ಗ್ವಾಡಿ ಹಿಡದು ತಿರಗತೈತಿ, ತಮ್ಮಾ.
ಬಟ್ಟಿ ಮುಟ್ಟಿದರ ಗಾಳಿ ತಾಕಿ ನಿಲ್ಲತೈತಿ,
ಒಳಗಿಂದ ಮತ್ತೊಂದು ಹೊಂಡತೈತಿ.’

ಕಲಸಿದೆವು. ಸಲಿಕೆಯಲ್ಲಿ, ಆಮೇಲೆ ಕೈಯಲ್ಲಿ.
ಹಿಡಿ ಹಿಡಿದು ತೋರಿಸು ಅಂದಳು.
ತೋರಿಸಿದೆ. ಗುಂಡಗೆ ನಿಂತಿತು.
‘ಇದು ನಿಮ್ಮ ಮುದ್ದಿ ಆತು. ಇನ್ನಷ್ಟು ನಾರು ಹಾಕು.
ಮುಟ್ಟಿದರ ಉದುರಬೇಕು, ಜ್ವಾಳದ ಹಿಟ್ಟಿನಂಗ.’
ಜೋಳದ ಹಿಟ್ಟು ನಾನೆಲ್ಲಿ ಮುಟ್ಟಿದ್ದೆ?
ಅವಳ ಕೈ ನೋಡಿ ಕಲಿತೆ.

ಹದಿನೈದು ದಿನ ಒದ್ದೆ ಗೋಣಿ ಹೊದಿಸಿಟ್ಟಳು.
ದಿನಾ ಬೆಳಿಗ್ಗೆ ಗೋಣಿಯ ಕೆಳಗೆ ಕೈ ತೂರಿಸಿ,
ಜ್ವರದ ಕೂಸಿನ ಹಣೆ ನೋಡುವ ಹಾಗೆ,
‘ಇನ್ನೂ ಬೆಚ್ಚಗದ’ ಅನ್ನುವಳು.

ತೂಕದ ಮನೆಯ ಕೆಲಸಕ್ಕೆಂದು ಬಂದ ಗಂಡನ ಹಿಂದೆ
ಹುನಗುಂದದಿಂದ ಬಂದು ಮೂವತ್ತೊಂದು ವರ್ಷ.
ಪೇಟೆಯಲ್ಲಿ ದಂಟು, ಕೀರೆ, ಸಬ್ಬಸಿಗೆ,
ಆದರೆ ಬಾಯಲ್ಲಿ ನೀರು ತರುವ ಆ ಒಂದು ಸೊಪ್ಪಿಲ್ಲ.
ಬೀಜ ಸೆರಗಿನ ಗಂಟಿನಲ್ಲಿತ್ತು.

ಬಂತು.
ಮೊದಲೆಲೆ ದುಂಡಗೆ, ಏನೂ ಅರಿಯದ ಹಾಗೆ.
ಆಮೇಲೆ ಸೀಳಿತು. ಮೂರು ಬೆರಳು, ಐದು ಬೆರಳು,
ಅಂಚಿಗೆಲ್ಲ ಗರಗಸ.
ಟೀ ಅಂಗಡಿಯಲ್ಲಿ ನಾನು, ನಗುವುದಕ್ಕೆಂದೇ,
‘ನಮ್ಮ ತಾರಸಿ ಮ್ಯಾಲೆ ಗಾಂಜಾ ಐತೆ ಕಣ್ರೋ’ ಅಂದೆ.
ಅಷ್ಟೇ ಅಂದದ್ದು.
ಮಾತಿಗೆ ಮಣ್ಣು ಹದ ಮಾಡಬೇಕಿಲ್ಲ,
ಟಾರು ರಸ್ತೆಯ ಮೇಲೂ ಹುಟ್ಟುತ್ತದೆ.

ಪೇದೆ ಚಿಕ್ಕೀರಯ್ಯ ಮೆಟ್ಟಿಲು ಹತ್ತಿ ಬಂದ, ಏದುತ್ತಾ.
‘ಏನವ್ವ ಇದು?’
‘ಪುಂಡಿ.’
‘ಯಾವ್ ಪುಂಡಿ?’
‘ತಿನ್ನು.’
ಎಲೆಯ ತುದಿ ಹರಿದು ಬಾಯಿಗಿಟ್ಟ,
ಸಾಕ್ಷಿ ಹೇಳುವವನ ಗಾಂಭೀರ್ಯದಲ್ಲಿ.
ಒಂದು ಕಣ್ಣು ತಾನಾಗಿ ಮುಚ್ಚಿತು.
‘ಹುಳಿ ಕಣವ್ವ!’
‘ಮತ್ತ?’

ಹೋಗಬಹುದಿತ್ತು. ಹೋಗಲಿಲ್ಲ.
ಚೀಲದೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿ ನಿಂತ.
‘ಮಣ್ ಚೆಂದಾಗದೆ. ಏನೇನ್ ಹಾಕಿದ್ದೀರಿ?’
ಅವಳು ಮಂಕರಿ ಲೆಕ್ಕ ಹೇಳಿದಳು.
ಅವನು ಮೆಟ್ಟಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ,
‘ನಮ್ಮಜ್ಜನ ಕಬ್ಬಿನ ಬದುವಲ್ಲಿ ಆ ಸೊಪ್ಪೂ ಒಂದೆರಡು ಕಡ್ಡಿ ಇತ್ತು.
ದನಕ್ಕೆ ಭೇದಿ ಹತ್ತಿದರೆ ಅರೆದು ಹಾಕೋನು’ ಅಂದ.
ಟೋಪಿ ಸರಿಮಾಡಿಕೊಂಡು ಇಳಿದುಹೋದ.

ಯಾರು ಹೇಳಿದ್ದು ಅಂತ ಅವಳು ಕೇಳಲಿಲ್ಲ.
ರಾತ್ರಿ ನನ್ನ ಬಾಗಿಲಿಗೆ ಒಂದು ಬಟ್ಟಲು ಪುಂಡಿಪಲ್ಯ,
ಮೇಲೆ ಬೆಳ್ಳುಳ್ಳಿ ಒಗ್ಗರಣೆ.
ಮುದ್ದೆ ಅದ್ದಿಕೊಂಡು ತಿಂದೆ.
ಹಲ್ಲು ಜುಮ್ಮೆಂದಿತು. ಬಟ್ಟಲು ತೊಳೆದು ಕೊಡುವಾಗ
ಹೇಳಬೇಕೆಂದುಕೊಂಡೆ.
ಹೇಳಲಿಲ್ಲ.

ಈ ವರ್ಷ ಮತ್ತೆ ಚೀಲ ಬಗ್ಗಿಸಿ, ಹಳೆ ಬೇರು ಕೊಡವಿ,
ಮಣ್ಣು ಹರಡಿ, ಅಳತೆ ಶುರುವಾಯಿತು.
ಹಿಂಡಿಯ ಸರದಿ ಬಂದಾಗ ಅವಳು ಕೈ ಒರೆಸಿಕೊಂಡಳು.
‘ಈ ಸಲ ನಿನ್ನ ಬೊಗಸಿ ಇರಲಿ.’
ನನ್ನದು ದೊಡ್ಡದು, ಅವ್ವ.
‘ಗೊತ್ತೈತಿ.’
ಸುರಿದೆ.
ಉಗುರ ಸಂದಿನ ಕಹಿ
ಮೂರು ದಿನ, ಮುದ್ದೆ ಮುರಿದಾಗಲೆಲ್ಲ,
ನಾಲಗೆಗೆ ಸಿಕ್ಕುತ್ತಲೇ ಇತ್ತು.