ಗಾಳಿ ತೆಗೆಯುವುದು

ಅಂಗಡಿ ಮುಂದೆ ಹಿಂಡಿದರೆ ಕಲ್ಲು.
ಉಪ್ಪಳ್ಳಿಯ ಜಬೀವುಲ್ಲಾ ಎರಡೇ ಬೆರಳಲ್ಲಿ ಒತ್ತಿ ನೋಡಿ
'ಏನಾಗಿದೆ ಸಿಸ್ಟರ್ ಇದಕ್ಕೆ, ಚೆನ್ನಾಗಿದೆಯಲ್ಲ' ಅನ್ನುತ್ತಾನೆ.
ಅವನೆದುರು ಅದು ಯಾವಾಗಲೂ ಹಾಗೆಯೇ,
ಡಾಕ್ಟರು ರೌಂಡ್ಸಿಗೆ ಬಂದ ಕೂಡಲೇ
ಎಲ್ಲ ನೋವೂ ವಾಸಿಯಾಗಿಬಿಡುವ
ಆರನೇ ಬೆಡ್ಡಿನ ಮುದುಕನ ಹಾಗೆ.

ಬೆಟ್ಟದಲ್ಲಿ ಬೇರೆ.
ಮೊನ್ನೆ ಮುಳ್ಳಯ್ಯನಗಿರಿ ಇಳಿಯುವಾಗ
ನಾಲ್ಕು ತಿರುವು ಸರಿಯಾಗಿಯೇ ಹಿಡಿಯಿತು.
ಐದನೆಯದರಲ್ಲಿ ಬಲಗೈಯ ಲಿವರ್
ಬೆಣ್ಣೆಗೆ ಬೆರಳಿಟ್ಟ ಹಾಗೆ
ಹ್ಯಾಂಡಲಿನವರೆಗೂ ಸುಮ್ಮನೆ ಬಂದುಬಿಟ್ಟಿತು.
ಎತ್ತು ಏರಿಗೆ, ಕೋಣ ನೀರಿಗೆ.
ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತಿದೆ,
ಮುಂದಿನದು ತನ್ನ ಪಾಡಿಗೆ ಹೋಗುತ್ತಲೇ ಇದೆ.
ನಿಂತ ಎದೆಯನ್ನು ಒತ್ತುವ ಹಾಗೆ
ಒಂದು, ಎರಡು, ಮೂರು,
ಎಣಿಸಿ ಎಣಿಸಿ ಒತ್ತಿದೆ.
ನಾಲ್ಕಕ್ಕೆ ಜೀವ ಬಂತು.
ಅಷ್ಟರಲ್ಲಿ ನಾನು ಲಂಟಾನದ ಪೊದೆಯೊಳಗಿದ್ದೆ.

ಮೇಲೆ ಹೋಗುತ್ತಿದ್ದ ಬಾಡಿಗೆ ಜೀಪು ನಿಂತಿತು.
ಹಿಂದಿನ ಸೀಟಿನ ಹುಡುಗ ತಲೆ ಹೊರಗೆ ಹಾಕಿ
'ಆಂಟಿ, ಅಲ್ಲಿ ಹಾವಿದೆಯಾ?' ಅಂದ.
ಇದೆ, ನೀವು ಹೋಗಿ, ಅಂದೆ.

ಎರಡು ಚೀಟಿ ಎತ್ತಿ ಕೊಂಡ ಸೈಕಲ್ಲು.
ಮಾರಿದವನು ಡಿಸ್ಕಿನ ಮೇಲೆ ಬೆರಳಾಡಿಸಿ ಹೇಳಿದ್ದ:
ತಂತಿ ಇಲ್ಲ ಮೇಡಂ, ತುಕ್ಕಿಲ್ಲ, ಬಿಗಿಸುವ ಗೋಳಿಲ್ಲ,
ಎಲ್ಲ ಎಣ್ಣೆಯೇ ನೋಡಿಕೊಳ್ಳುತ್ತದೆ.
ನೋಡಿಕೊಂಡಿತು.

ಆಲ್ದೂರಿನಲ್ಲಿ ಮನೆಮನೆಗೆ ಬ್ರೆಡ್ಡು ಮಾರುತ್ತಿದ್ದ ನಮ್ಮಪ್ಪ ಡುಮಿಂಗನ
ಸೈಕಲ್ಲಿಗೆ ಇದ್ದದ್ದು ಕಡ್ಡಿ ಬ್ರೇಕು.
ಅದೂ ಕೆಡುತ್ತಿತ್ತು, ಕೆಡದೆ ಏನು,
ಆದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು.
ರಬ್ಬರು ಸವೆದರೆ ಹಳೆ ಹವಾಯಿ ಚಪ್ಪಲಿಯ ಒಂದು ತುಂಡು,
ತೀರಾ ಇಳಿಜಾರಾದರೆ ಅಪ್ಪನ ಬಲಗಾಲು.

ಇದರಲ್ಲಿ ಏನು ಕಾಣುತ್ತದೆ?
ಕಪ್ಪು ಕೊಳವೆ. ಒಳಗೆ ಎಣ್ಣೆ.
ಎಣ್ಣೆಯಲ್ಲಿ ಎಲ್ಲೋ ಒಂದು ಸಾಸಿವೆಯಷ್ಟು ಗಾಳಿ.
ಎಣ್ಣೆಗೆ ಸುಳ್ಳು ಗೊತ್ತಿಲ್ಲ,
ಇಲ್ಲಿ ಒತ್ತಿದರೆ ಅಲ್ಲಿ ಒತ್ತುತ್ತದೆ.
ಗಾಳಿ ಹಾಗಲ್ಲ. ಆಯ್ತು, ಆಯ್ತು, ಎಂದು ಕುಗ್ಗುತ್ತದೆ
ನನ್ನ ಬಡ್ತಿಯ ಫೈಲು ಕೇಳಿದಾಗಲೆಲ್ಲ
'ಆಯ್ತು ಸಿಸ್ಟರ್' ಎನ್ನುವ ಗುಮಾಸ್ತ ತಿಪ್ಪೇಶಪ್ಪನ ಹಾಗೆ,
ಕೆಲಸ ಮಾತ್ರ ಆ ತುದಿಗೆ ಮುಟ್ಟುವುದಿಲ್ಲ.

ಹದಿನೇಳು ವರ್ಷ ಜಿಲ್ಲಾಸ್ಪತ್ರೆಯಲ್ಲಿ
ಸಿರಿಂಜನ್ನು ಟ್ಯೂಬ್‌ಲೈಟಿಗೆ ಹಿಡಿದು
ಉಗುರಿನಿಂದ ಟಕ್ ಟಕ್ ತಟ್ಟಿ
ಗುಳ್ಳೆಯನ್ನು ಮೇಲೆ ಕರೆದು, ಹೊರಗೆ ಕಳಿಸಿ
ಆಮೇಲೆ ಚುಚ್ಚಿದವಳು ನಾನು.
ಎಷ್ಟು ಸಾವಿರ ತೋಳೋ, ಒಂದು ಗುಳ್ಳೆ ಒಳಗೆ ಬಿಟ್ಟಿಲ್ಲ.
ರಾತ್ರಿ ಡ್ಯೂಟಿ ಇಲ್ಲದ ದಿನ
ಅಡುಗೆಮನೆಯ ಕೊಕ್ಕೆಗೆ ಸೈಕಲ್ಲು ನೇತುಹಾಕಿ
ಅದೇ ಸಿರಿಂಜಿನಲ್ಲಿ ಕೆಳಗಿನಿಂದ ಕೆಂಪೆಣ್ಣೆ ತಳ್ಳುತ್ತೇನೆ,
ಸ್ಕ್ರೂಡ್ರೈವರಿನ ಹಿಡಿಯಿಂದ ಕ್ಯಾಲಿಪರ್ ತಟ್ಟುತ್ತೇನೆ,
ಬಾ, ಬಾ ಮಗ, ಮೇಲೆ ಬಾ.
ಒಂದು ಬಂತು. ಇನ್ನೊಂದು.
ಮುಗಿಯಿತೆಂದು ತಿರುಪು ಬಿಗಿಸಿ ಹಿಂಡಿದರೆ
ಮತ್ತೆ ಬೆಣ್ಣೆ.
ಚೆಲ್ಲಿದ ಎಣ್ಣೆ ಒರೆಸಿದ ಬಟ್ಟೆಯಿಂದಲೇ
ಮರೆತು ಡಿಸ್ಕನ್ನೂ ಒರೆಸಿದೆ.
ಪ್ಯಾಡೂ ಹೋಯಿತು, ಒಂಬೈನೂರು ರೂಪಾಯಿ.
ಒಬ್ಬಳೇ ಇದ್ದೆನೆಂದು ಬೈದ ಬೈಗುಳಗಳನ್ನು
ಭಾನುವಾರ ಫಾದರಿಗೆ ಹೇಳಲಿಲ್ಲ.

ಕೊನೆಗೆ ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ
ನೀಲಿ ರಬ್ಬರ್ ಪಟ್ಟಿಯಿಂದ
ಲಿವರನ್ನು ಹ್ಯಾಂಡಲಿಗೆ ಬಿಗಿದು ಮಲಗಿದೆ.
ರಾತ್ರಿಯೆಲ್ಲ ಅದು ಮುಷ್ಟಿ ಹಿಡಿದುಕೊಂಡೇ ಇತ್ತು.

ಬೆಳಿಗ್ಗೆ ಬಿಚ್ಚಿದರೆ ಕಲ್ಲು.
ಹೊಸ ಪ್ಯಾಡು ಹಾಕಿಸಿಕೊಂಡು ಕೈಮರ ದಾಟಿ ಹತ್ತಿದೆ,
ಮಂಜಿನಲ್ಲಿ ಇಳಿದೆ.
ಒಂದನೇ ತಿರುವು ಕಲ್ಲು. ಎರಡು, ಮೂರು, ಕಲ್ಲು.
ನಾಲ್ಕರಲ್ಲಿ ಡಿಸ್ಕು ನವಿಲಿನ ಹಾಗೆ ಕಿರುಚಿತು, ಆದರೂ ಹಿಡಿಯಿತು.
ಐದನೆಯದಕ್ಕೆ ಇನ್ನೂ ಇಪ್ಪತ್ತು ಮಾರು ಇರುವಾಗ
ನಾನೇ ಇಳಿದೆ.
ಪೊದೆಯ ಪಕ್ಕ, ನನ್ನದೇ ಟೈರಿನ ಹಳೆ ಗೀರು ದಾಟಿ
ಸೈಕಲ್ಲು ತಳ್ಳಿಕೊಂಡು ನಡೆದೆ,
ಹೆಜ್ಜೆಗೊಮ್ಮೆ ಲಿವರ್ ಹಿಂಡಿ ನೋಡುತ್ತ.
ಒಮ್ಮೆಯಾದರೂ ಮೆತ್ತಗಾಗಬಾರದೇ ಅದು.