ಒಳಗಿರುವುದು ಬೇರೆ

ನಮ್ಮ ಮನೆಗೆ ಬರುತ್ತಿದ್ದದ್ದು ಡಬ್ಬಿ ಮಾತ್ರ.
ಕಾಜುಭಾಗದ ಬ್ಯಾಂಕ್ ಮ್ಯಾನೇಜರರ ಮನೆಯಲ್ಲಿ
ಒಳಗಿನದು ಮುಗಿಯಲು ಕಾಯುತ್ತಿದ್ದಳು ಆಯಿ,
ಪಾತ್ರೆ ತಿಕ್ಕುತ್ತ, ಓರೆಗಣ್ಣಿನಲ್ಲಿ
ಹಾರ್ಲಿಕ್ಸ್ ಎಷ್ಟು ಇಳಿಯಿತೆಂದು ಅಳೆಯುತ್ತ.
ಭರತ ಇಳಿತ ಬಲ್ಲವಳು,
ಅವಳ ಲೆಕ್ಕ ತಪ್ಪುತ್ತಿರಲಿಲ್ಲ.

ಹಾಗೆ ಬಂದವು ಒಂದೊಂದಾಗಿ
ಬೈತಖೋಲದ ನಮ್ಮ ಏಳಡಿ ಅಡುಗೆಮನೆಗೆ,
ಬೂದಿಯಲ್ಲಿ ಮಿಂದು, ಬಿಸಿಲಿಗೆ ಬೋರಲು ಬಿದ್ದು.
ತವರಿನ ಹೆಸರು ಮೈಮೇಲೆ,
ಕೆಲಸ ಮಾತ್ರ ಇಲ್ಲಿನದು.

ಹಾರ್ಲಿಕ್ಸ್ ಬಾಟಲಿಯಲ್ಲಿ ಮುರುಗಲ ಸಿಪ್ಪೆ.
ಅಮುಲ್‌ಸ್ಪ್ರೇಯ ಆ ಗುಂಡುಗೆನ್ನೆಯ ಮಗು
ಹೊಟ್ಟೆತುಂಬ ಒಣಮೆಣಸು ತುಂಬಿಕೊಂಡೂ ನಗುತ್ತಿತ್ತು.
ಕ್ಯಾಮಲ್ ಶಾಯಿಯ ದೌತಿಗೆ ಬತ್ತಿ ತೂರಿಸಿದರೆ ಚಿಮಣಿ;
ಒಂಟೆ ಬೆನ್ನ ಮೇಲೆ ಬೆಂಕಿ ಹೊತ್ತು ನಿಂತ ಬೆಳಕಲ್ಲಿ
ಹದಿನೇಳರ ಮಗ್ಗಿ ಬಾಯಿಪಾಠ ಮಾಡಿದೆ.
ಇಂದಿಗೂ ಹದಿನೇಳು ಎಂದರೆ ಸೀಮೆಎಣ್ಣೆ.

ಡಾಲ್ಡಾ ಡಬ್ಬಿ ಬಾಬಾನ ಪಾಲು,
ಪಾತಿಯ ತಳದಲ್ಲಿ ಒಸರುವ ನೀರು ತೋಡಿ ಚೆಲ್ಲಲು.
ಅದರ ಮೇಲಿನ ಹಸಿರು ಮರ
ದಿನಕ್ಕೆ ನೂರು ಸಲ ಮುಳುಗಿ
ನೂರು ಸಲವೂ ಎದ್ದಿತು.
ಎರಡನೇ ವರ್ಷಕ್ಕೆ ಉಪ್ಪು ಗರಿಗಳನ್ನು ತಿಂದಿತ್ತು,
ಮೂರನೆಯದಕ್ಕೆ ಕಾಂಡ.
ಆಮೇಲೂ ಬಾಬಾ, ಹುಟ್ಟು ಹೆಗಲಿಗೇರಿಸಿ,
ಕೇಳುತ್ತಿದ್ದದ್ದು ಹಾಗೆಯೇ:
"ತೆಂಗು ಎಲ್ಲಿಟ್ಟೆ?"

ನನಗೆ ಅಕ್ಷರ ಬಂದ ವರ್ಷ ಮನೆಯಲ್ಲಿ ಜಗಳ.
ಇದರ ಮೇಲೆ ಚಹಾ ಅಂತಿದೆ, ಆಯಿ, ಒಳಗೆ ಉಪ್ಪು!
ಇದರ ಮೇಲೆ ಪೌಡರ್ ಅಂತಿದೆ, ಅಲುಗಿಸಿದರೆ ಚಿಲ್ಲರೆ!
ಬಂಗಡೆಯ ಕಿವಿರು ಕೀಳುತ್ತ, ತಲೆ ಎತ್ತದೆ ಅಂದಳು:
"ಅದು ಓದಿದವರಿಗೆ.
ನಮಗೆ ಅದು ಉಪ್ಪು."

ಬೋರ್ನ್‌ವಿಟಾದ ಕಥೆ ಹೇಳಲೇಬೇಕು.
ನಾಲ್ಕನೇ ಇಯತ್ತೆ, ಎಂಟು ದಿನ ಜ್ವರ.
ನೋಡಲು ಬಂದ ನಾಡಕರ್ಣಿ ಅಕ್ಕೋರು
ಕೊಡೆ ಮಡಚಿ ಬಾಗಿಲಿಗೆ ಒರಗಿಸಿ
ಹಲಗೆಯ ಮೇಲಿನ ಕಂದು ಡಬ್ಬಿ ಕಂಡು
"ಓಹೋ, ದಿನಾ ಕುಡೀತೀಯೇನೇ?" ಎಂದರು.
ಹೌದೆಂದೆ. ಎರಡು ಹೊತ್ತು ಎಂದೆ.
ಹಾಲು ಹಾಕಿ, ಎಂದೆ.
"ಹಾಗಾದರೆ ನನಗೂ ಒಂದು ಲೋಟ"
ನಗುತ್ತ ಅವರೇ ಮುಚ್ಚಳ ಎಬ್ಬಿದರು.

ಒಣ ಸೀಗಡಿ.
ಮೇ ತಿಂಗಳ ಮರಳಲ್ಲಿ ಸುರುಟಿದ, ಉಗುರಿನಷ್ಟು ಉಗುರಿನಷ್ಟು,
ಇಡೀ ಬಂದರು ಒಮ್ಮೆಗೇ ಒಳನುಗ್ಗಿದಂಥ ವಾಸನೆ.
ಜ್ವರ ಬಿಟ್ಟಿದ್ದ ಮೈ ಮತ್ತೆ ಕಾಯಿತು.
ಅಕ್ಕೋರು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.
ಆಯಿಯ ಕಡೆ ತಿರುಗಿ, ದನಿ ತಗ್ಗಿಸಿ,
"ಚಂದ್ರಭಾಗಾ, ಒಂದು ಮುಷ್ಟಿ ಕಟ್ಟಿಕೊಡ್ತೀಯಾ?
ಇವತ್ತು ಸೋಮವಾರ. ನಾಳೆಗೆ."

ಹಾಜರಿ ಪುಸ್ತಕದ ನಡುವೆ ಹೋಯಿತು ಪೊಟ್ಟಣ.
ಆ ವರ್ಷವಿಡೀ ನಮ್ಮೆಲ್ಲರ ಹೆಸರಿಗೂ,
ಕಾಜುಭಾಗದ ಮ್ಯಾನೇಜರರ ಮಗಳ ಹೆಸರಿಗೂ,
ನನ್ನ ಮನೆಯ ವಾಸನೆ.

ಈಗ ಕೋಡಿಬಾಗ ರಸ್ತೆಯಲ್ಲಿ ನನ್ನದೇ ಅಂಗಡಿ.
ಹೆಚ್ಚಿನದೆಲ್ಲ ಪೌಚಿನಲ್ಲಿ ಬರುತ್ತದೆ,
ಮೂಲೆ ಕತ್ತರಿಸು, ಹಿಂಡು, ಎಸೆ.
ಮುಗಿದ ಮೇಲೆ ಉಳಿಯುವಂಥದು ಬರುವುದೇ ಅಪರೂಪ.
ಮೀನು ಮಾರಿ ಹಿಂದಿರುಗುವ ದೇವಕಿ
ಬುಟ್ಟಿ ಇಳಿಸಿ ಕೇಳುತ್ತಾಳೆ, "ಬಾಯಿ, ಖಾಲಿ ಡಬ್ಬಿ ಏನಾದರೂ?"
ತುಂಬಿದ ಅಂಗಡಿಯಲ್ಲಿ ನಿಂತು
ಇಲ್ಲ ಎನ್ನುತ್ತೇನೆ.

ಹಾಂ, ನಾನೂ ಕುಡಿದೆ ಬೋರ್ನ್‌ವಿಟಾ,
ಬಸುರಿಯಿದ್ದಾಗ, ಗಂಡ ತಂದುಕೊಟ್ಟದ್ದು.
ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ.
ಕಾದೆ.
ಬರಲಿಲ್ಲ. ಬರೀ ಸಿಹಿ.
ಕಂಪನಿಯವರು ಮೋಸ ಮಾಡಿದ್ದಾರೆ ಅನ್ನಿಸಿತು,
ಹೊರಗೆ ಹೆಸರು ಸರಿಯಾಗಿ ಬರೆದು
ಒಳಗೆ ಬೇರೇನೋ ತುಂಬಿ.