ಕಿವಿಗುರುತು

ದಕ್ಷಿಣದ ಆ ದ್ವೀಪದಲ್ಲಿ ಇಳಿದ ದಿನ ಮಾಹ್ತೆ ಕೇಳಿದ,
"ಯಾರ ಹಿಂಡು ಇದು?"
ಬಾಯಿಗೆ ಬಂದ ಅಭ್ಯಾಸ. ನಾವು ಸಾಮಿಗಳು ಹಾಗೇ ಕೇಳುವುದು,
ಹೆಸರು ಕೇಳುವ ಮೊದಲು.
ನಾನು ದುರ್ಬೀನು ಕಣ್ಣಿಗೊತ್ತಿ
ಒಂದೊಂದೇ ಹಿಮಸಾರಂಗದ ಕಿವಿ ನೋಡಿದೆ.
ಕತ್ತರಿಸಿದ ತುದಿಯಿಲ್ಲ, ಕಚ್ಚಿಲ್ಲ, ಸೀಳಿಲ್ಲ.
ತಾಯಿ ಕೊಟ್ಟ ಹಾಗೆಯೇ ಇದ್ದವು
ಸಾವಿರಾರು ಕಿವಿಗಳು.

ಕರೆಸಿದವರು ಸರಕಾರದವರು. ಕಾಗದದಲ್ಲಿತ್ತು:
"ಹಿಂಡು ಕೂಡಿಸಬಲ್ಲವರು ಬೇಕು."
ಮುಂದಿನ ವಾಕ್ಯವನ್ನು ಎರಡು ಸಲ ಓದಿ
ಅಮ್ಮ ಕನ್ನಡಕ ತೆಗೆದಿಟ್ಟಳು.
"ಕೂಡಿಸುವುದು ಗೊತ್ತು. ಆಮೇಲಿನದ್ದೂ ಗೊತ್ತು.
ಆದರೆ ಒಂದನ್ನೂ ಉಳಿಸದೆ?"

ನೂರು ವರ್ಷದ ಹಿಂದೆ
ತಿಮಿಂಗಿಲದ ಎಣ್ಣೆ ಕಾಯಿಸುತ್ತಿದ್ದವರು
ನಾರ್ವೆಯಿಂದ ಇವನ್ನು ತಂದರಂತೆ,
ಭಾನುವಾರದ ಸಾರಿಗೆ, ಭಾನುವಾರದ ಬಂದೂಕಿಗೆ,
ಮತ್ತೆ, ಹೇಳಿಕೊಳ್ಳದಿದ್ದರೂ,
ಕಿಟಕಿಯಾಚೆ ಊರಿನದೊಂದು ಆಕಾರ ಓಡಾಡಲಿ ಎಂದು.
ಡೆಕ್ಕಿನ ಮೇಲೆ ಕಟ್ಟಿ, ಮೂಟೆಯಿಂದ ಕಲ್ಲುಹೂ ತಿನ್ನಿಸುತ್ತ
ಭೂಮಿಯ ನಡು ದಾಟಿಸಿದರು.
ಆ ಹತ್ತನ್ನು ಮಾರಿದವರು ಯಾರೋ.
ದುಡ್ಡೆಣಿಸಿದ ಬೆರಳು ನಮ್ಮ ಕಡೆಯದೇ ಇದ್ದೀತು.

ಎಣ್ಣೆಯ ಕಡಾಯಿಗಳು ತುಕ್ಕಾಗಿವೆ ಈಗ.
ಮುರಿದ ಬಾಯ್ಲರಿನ ನೆರಳಲ್ಲಿ ಸೀಲುಗಳು ಮಲಗುತ್ತವೆ.
ತಂದವರು ಹೋದರು. ತಂದದ್ದು ಉಳಿಯಿತು.
ಉಳಿದು, ಮೈಯೊಳಗಿನ ಪಂಚಾಂಗವನ್ನೇ ತಿರುವಿ ಬರೆದುಕೊಂಡಿತು:
ನಮ್ಮಲ್ಲಿ ಕರು ಹಾಕುವುದು ಮೇ ತಿಂಗಳು,
ಇಲ್ಲಿ ನವೆಂಬರು.
ಯಾರು ಹೇಳಿಕೊಟ್ಟರು, ಬೆಳಕೇ?
ವಾರವಾದರೂ ನನಗಿನ್ನೂ ನಿದ್ದೆ ಹೊಂದಿಲ್ಲ.
ಚಂದ್ರ ತಲೆಕೆಳಗಾಗಿ ನಿಂತಿದ್ದಾನೆ.

ಬೆನ್ನು ಬೋಳಾದ ಗುಡ್ಡ ತೋರಿಸಿದಳು ಹೆಸ್ಟರ್.
ಕುಚ್ಚುಹುಲ್ಲು ಆಳೆತ್ತರ ಇರಬೇಕಾದ ಕಡೆ
ಬುಡದ ಗಂಟುಗಳು ಮಾತ್ರ. ಅದರೊಳಗೆ
ಗೂಡು ಕಟ್ಟುವ ಹಕ್ಕಿಯೊಂದಿದೆಯಂತೆ, ಪಿಪಿಟ್,
ಮುಷ್ಟಿಯಲ್ಲಿ ಅಡಗುವಷ್ಟು, ಭೂಮಿಯಲ್ಲಿ ಬೇರೆಲ್ಲೂ ಇಲ್ಲ.
ಹಡಗಿನ ಇಲಿ ಮೊಟ್ಟೆ ತಿಂದಿತು,
ಇವು ಮರೆ ತಿಂದವು.
"ಕೇಳಿದ್ದೀಯಾ ಅದರ ಹಾಡು?" ಎಂದೆ.
"ಆಚೆಯ ಬಂಡೆಯಲ್ಲಿ, ಒಮ್ಮೆ" ಎಂದು
ಬಗ್ಗಿ ಬೂಟಿನ ಲೇಸು ಬಿಗಿದಳು.

ಒಂಬತ್ತು ದಿನ ಕೂಡಿಸಿದೆವು
ಗಾಳಿಗೆ ಮುಖ ಮಾಡಿ, ಕೈ ಚಾಚಿ, ಅವಸರವಿಲ್ಲದೆ,
ಅಜ್ಜಿ ಕಲಿಸಿದ ಹಾಗೆ: ಓಡಿಸಬೇಡ,
ಅವಕ್ಕೇ ಆ ಕಡೆ ಹೋಗಬೇಕು ಅನಿಸಬೇಕು.
ಗೋಣಿತಾಟಿನ ಗೋಡೆಗಳ ನಡುವೆ ನಂಬಿಕೊಂಡು ಬಂದವು.
ಆಗ ಕೇಳಿತು ಆ ಸದ್ದು,
ಗೊರಸಿನ ಮೇಲಿನ ನರ ಎಲುಬಿಗೆ ಜಾರಿ
ಹೆಜ್ಜೆಗೊಂದು ಲಟಕ್,
ಸಾವಿರ ಅಜ್ಜಿಯರು ಒಟ್ಟಿಗೆ ನೆಟಿಕೆ ಮುರಿದ ಹಾಗೆ.
ಮಾಹ್ತೆ ನಿಂತುಬಿಟ್ಟ. ಆ ಮಂಜಿನಲ್ಲಿ
ಒಂದು ಗಳಿಗೆ ಇಬ್ಬರೂ ಮನೆಯಲ್ಲಿದ್ದೆವು.
ಆಮೇಲೆ ಪೆಂಗ್ವಿನ್ನೊಂದು ಬೇಲಿಯ ಪಕ್ಕ ನಡೆದುಹೋಯಿತು
ನಮ್ಮ ಕಡೆ ನೋಡದೆ.

ಕೊನೆಯ ರಾತ್ರಿ ದೊಡ್ಡಿಗೆ ಒಬ್ಬಳೇ ಹೋದೆ.
ನವೆಂಬರಿನ ಕರುವೊಂದು ಕೈ ಮೂಸಿತು.
ಚಾಕು ತೆಗೆದು
ಎಡಗಿವಿಯ ತುದಿಗೆ ಒಂದು ಕವಲು,
ಬಲಗಿವಿಯ ಹಿಂದೆ ಎರಡು ಕಚ್ಚು. ಅಜ್ಜಿಯ ಗುರುತು,
ನನ್ನ ನಂತರ ಹಾಕುವವರಿಲ್ಲದ್ದು.
ಕತ್ತರಿಸಿದ ಚೂರುಗಳು ಜೇಬಿಗೆ ಹೋದವು,
ಕರು ಎಣಿಸಲು ನಾವು ಇಟ್ಟುಕೊಳ್ಳುವ ಹಾಗೆ.
ಅದನ್ನು ಕರುಣೆ ಅನ್ನಬೇಡಿ.
ಒಂದಾದರೂ ಯಾರದೋ ಆಗಿ ಸಾಯಲಿ.
ಒಂದರ ಲೆಕ್ಕವಾದರೂ ನಮ್ಮ ಮನೆಗೆ ಬರಲಿ.

ಬೆಳಿಗ್ಗೆ ಕೆಲಸ ಮುಗಿಯಿತು, ಚೊಕ್ಕವಾಗಿ.
ನಮ್ಮ ಕೈ ನಡುಗಲಿಲ್ಲ. ಅದಕ್ಕೇ ನಮ್ಮನ್ನು ಕರೆಸಿದ್ದು.

ಮೂರು ಚಳಿಗಾಲ ಕಳೆದ ಮೇಲೆ ಹೆಸ್ಟರ್ ಕಳಿಸಿದಳು
ನಲವತ್ತು ಸೆಕೆಂಡಿನ ಧ್ವನಿಮುದ್ರಣ.
ಒಲೆಯ ಪಕ್ಕ ಕೂತು ಅಮ್ಮನ ಕಿವಿಗೆ ಹಿಡಿದೆ.
ಗಾಳಿ. ಹುಲ್ಲು. ಹುಲ್ಲಿನೊಳಗಿಂದ
ದಾರದಂಥ ಹಾಡು, ಏರಿ, ತುಂಡಾಗಿ, ಮತ್ತೆ ಏರಿ.
"ಚೆನ್ನಾಗಿದೆ" ಅಂದಳು ಅಮ್ಮ.
ಇನ್ನೊಮ್ಮೆ ಹಾಕಿಸಿದಳು.
ಈ ಸಲ ತಲೆ ವಾಲಿಸಿ, ಕಣ್ಣು ಮುಚ್ಚಿ,
ಹಾಡಿನ ಹಿಂದೆ, ದೂರದಲ್ಲಿ, ಎಲ್ಲಾದರೂ
ನೆಟಿಕೆಯ ಸದ್ದಿದೆಯೇ ಎಂದು ಹುಡುಕುತ್ತಿದ್ದಳು.